ಮನೆಯವರ ಸಹಿ

ಬೆಳಗಿನ ತಿಂಡಿಗೆ ಕೂತ ಡ್ರೈವರು ಬ್ರೆಡ್ಡಿನ ತುಂಡನ್ನು ಚಹಾದಲ್ಲಿ ಅದ್ದಿ, ಅದನ್ನು ಬಾಯಿಗೆ ತರುವಷ್ಟರಲ್ಲಿ ನಿದ್ದೆ ಹೋದ. ಲೋಟ ವಾಲಿತು, ಚಹಾ ಸಮವಸ್ತ್ರದ ಪ್ಯಾಂಟಿನ ಮೇಲೆ ಹರಿಯಿತು. ಬಿಸಿ ತಾಗಿ ಎಚ್ಚರಾದವನು, ಲೋಟವನ್ನು ಅಷ್ಟು ಅಂಚಿನಲ್ಲಿ ಇಟ್ಟವರು ಯಾರು ಎಂದು ಮನೆಯವರ ಮೇಲೆಲ್ಲ ಹರಿಹಾಯ್ದ.

“ಲೋಟ ನಿಮ್ಮ ಕೈಲೇ ಇತ್ತು,” ಎಂದಳು ಹೆಂಡತಿ.

“ಕೈಲಿದ್ದಿದ್ದು ಹೇಗೆ ಚೆಲ್ಲತ್ತೆ?”

“ಅದನ್ನೇ ನಾನೂ ಕೇಳ್ತಿದೀನಿ.”

ಮಗಳು ಪುಸ್ತಕದಿಂದ ತಲೆಯೆತ್ತಿ ಇಬ್ಬರನ್ನೂ ನೋಡಿ ಮತ್ತೆ ತಲೆ ತಗ್ಗಿಸಿದಳು. ಹೊರಗೆ ಮಂಚದ ಮೇಲಿದ್ದ ಮುದುಕ, ಡ್ರೈವರ ಅಪ್ಪ, ಸುಮ್ಮನೆ ಕೆಮ್ಮಿದ. ಡ್ರೈವರು ಪ್ಯಾಂಟು ಬದಲಿಸಿ, ತಿಂಡಿ ಅರ್ಧಕ್ಕೇ ಬಿಟ್ಟು ಡಿಪೋಗೆ ಹೊರಟ. ಅವನು ಓಡಿಸುವುದು ಊರೊಳಗಿನ ಬಸ್ಸು. ಒಂದೊಂದು ಟ್ರಿಪ್ಪಿಗೆ ಅರವತ್ತು ಎಪ್ಪತ್ತು ಜನ ಇರುತ್ತಾರೆ. ಚಹಾ ಒರೆಸುತ್ತಿದ್ದ ಹೆಂಡತಿಗೆ ಅಂದು ಗಂಡನ ಮೇಲೆ ಕೋಪಕ್ಕಿಂತ ಹೆಚ್ಚಾಗಿ ಭಯವಾಯಿತು.

ಈ ಹೆಂಡತಿಗೆ ಬೀದಿಯವರು ಇಟ್ಟ ಹೆಸರು ಬ್ರೆಡ್ಡಕ್ಕ. ಬ್ರೆಡ್ಡು ಕಾರ್ಖಾನೆಯ ಪ್ಯಾಕಿಂಗಿನಲ್ಲಿ ಹದಿನಾಲ್ಕು ವರ್ಷದಿಂದ ದುಡಿಯುತ್ತಿದ್ದಾಳೆ. ಆಕಾರ ಕೆಟ್ಟ ಬ್ರೆಡ್ಡನ್ನು ಕೆಲಸದವರು ಮನೆಗೆ ಒಯ್ಯಬಹುದು ಎಂಬುದು ಅಲ್ಲಿನ ಪದ್ಧತಿ. ಅವಳು ಒಯ್ದದ್ದರಲ್ಲಿ ಅರ್ಧ ಅಕ್ಕಪಕ್ಕದವರ ಪಾಲು. ಮಾತಿನಲ್ಲಿ ಚುರುಕು, ಕೆಲಸದಲ್ಲಿ ಇನ್ನೂ ಚುರುಕು. ಸೊಟ್ಟಗಿರುವ ಬ್ರೆಡ್ಡು ಸಾಲಿನಲ್ಲಿ ಬಂದರೆ ಕಣ್ಣುಮುಚ್ಚಿಯೂ ಎತ್ತಿ ಪಕ್ಕಕ್ಕಿಡುತ್ತಾಳೆ ಎಂದು ಮೇಲ್ವಿಚಾರಕನೇ ಹೇಳುತ್ತಿದ್ದ. ಅಂಥವಳಿಗೆ ತನ್ನ ಮನೆಯೊಳಗಿನ ಸೊಟ್ಟನ್ನು ಗುರುತಿಸಲು ಮೂರು ವಾರ ಹಿಡಿಯಿತು.

ಡ್ರೈವರಿಗೆ ಮಲಗಿದಾಗ ಉಸಿರು ನಿಲ್ಲುವ ಕಾಯಿಲೆ. ಗಂಟಲು ಮುಚ್ಚಿಕೊಳ್ಳುತ್ತದೆ, ಉಸಿರು ಕಟ್ಟುತ್ತದೆ, ಎಚ್ಚರಾಗುತ್ತದೆ. ಒಂದು ರಾತ್ರಿಗೆ ನೂರಾರು ಸಲ. ಎರಡು ವರ್ಷದ ಹಿಂದೆ ಡಾಕ್ಟರು ಒಂದು ಮಿಷನ್ನು ಕೊಡಿಸಿದ್ದರು. ತಲೆದಿಂಬಿನ ಪಕ್ಕದಲ್ಲಿಟ್ಟರೆ ಅದು ಪೈಪಿನ ಮೂಲಕ ಮೂಗಿನ ಮಾಸ್ಕಿಗೆ ಗಾಳಿ ದಬ್ಬಿ, ಗಂಟಲು ಮುಚ್ಚದಂತೆ ನೋಡಿಕೊಳ್ಳುತ್ತದೆ. ಅದು ಬಂದ ಮೇಲೆ ಡ್ರೈವರು ಹೊಸ ಮನುಷ್ಯನಾಗಿದ್ದ. ಬೆಳಗ್ಗೆ ಎದ್ದು ಹಾಡಿಕೊಳ್ಳುತ್ತಿದ್ದ, ಹೆಂಡತಿಯ ಜೊತೆ ನಗುತ್ತಿದ್ದ.

ಡಿಪೋದವರಿಗೆ ಮಾತ್ರ ಹಾಡು ಸಾಲದು, ಕಾಗದ ಬೇಕು. ಈ ಕಾಯಿಲೆಯಿರುವ ಡ್ರೈವರುಗಳು ಶನಿವಾರಕ್ಕೊಂದು ಹಾಳೆ ಕೊಡಬೇಕು. ದಿನಾ ಎಷ್ಟು ಗಂಟೆ ಮಾಸ್ಕು ಹಾಕಿಕೊಂಡ, ರಾತ್ರಿ ಗಂಟೆಗೆ ಎಷ್ಟು ಸಲ ಉಸಿರು ಕಟ್ಟಿತೆಂದು ಬೆಳಗ್ಗೆ ಮಿಷನ್ನಿನ ಪರದೆ ಯಾವ ಅಂಕಿ ತೋರಿಸಿತು, ಹಗಲು ತೂಕಡಿಕೆ ಇತ್ತೇ ಇಲ್ಲವೇ. ಕೊನೆಯಲ್ಲಿ ಮನೆಯವರ ಸಹಿ. ನಿದ್ದೆ ಮಾಡುವವನು ತನ್ನ ನಿದ್ದೆಗೆ ತಾನೇ ಸಾಕ್ಷಿಯಾಗಲಾರ ಎಂಬುದು ಡಿಪೋ ಡಾಕ್ಟರ ವಾದ. ತೂಕಡಿಕೆ ‘ಇದೆ’ ಎಂದು ಬಿದ್ದರೆ ಮೂರು ತಿಂಗಳು ಶೆಡ್ಡು: ಸ್ಟಿಯರಿಂಗು ಮುಟ್ಟುವಂತಿಲ್ಲ, ಬಸ್ಸು ತೊಳೆಯುವವರ ಹಾಜರಿ ಬರೆಯುತ್ತ ಕೂರಬೇಕು. ಡ್ರೈವರುಗಳಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಎರಡು ವರ್ಷ ಬ್ರೆಡ್ಡಕ್ಕ ನಿಶ್ಚಿಂತೆಯಿಂದ ‘ಇಲ್ಲ’ ಎಂದು ಗುರುತು ಹಾಕಿ ಸಹಿ ಮಾಡಿದ್ದಳು.

ಆ ಮಿಷನ್ನಿನ ಬಗ್ಗೆ ಅವಳಿಗಿದ್ದದ್ದು ಒಂದೇ ತಕರಾರು. ಮಾಸ್ಕು ಇಡೀ ರಾತ್ರಿ ಸುಯ್ ಎನ್ನುತ್ತಿತ್ತು, ಅದರಿಂದ ಬರುವ ಗಾಳಿ ನೇರ ಅವಳ ಕೆನ್ನೆಗೆ ಬಡಿಯುತ್ತಿತ್ತು. ಒಂದು ದಿನ ತಡೆಯಲಾರದೆ ಅದನ್ನು ಮಾವನ ಹತ್ತಿರ ಹೇಳಿಕೊಂಡಳು. ಹೇಳಬಾರದವರ ಹತ್ತಿರ ಹೇಳಿದ್ದಳು, ಆದರೆ ಅದು ಆಗ ಯಾರಿಗೆ ಗೊತ್ತಿತ್ತು?

ಮಾವ ನಲವತ್ತು ವರ್ಷ ನಲ್ಲಿ ಪೈಪುಗಳ ರಿಪೇರಿ ಮಾಡಿದ ಮನುಷ್ಯ. ಜೇಬಿನಲ್ಲಿ ಯಾವಾಗಲೂ ನಾಲ್ಕು ವಾಷರು ಇರುತ್ತಿದ್ದರಿಂದ ವಾಷರ್ ತಾತ ಎಂದೇ ಹೆಸರು. ಮಂಡಿ ಕೈಕೊಟ್ಟ ಮೇಲೆ ಕೆಲಸಕ್ಕೆ ಕರೆಯುವವರಿಲ್ಲ. ಹೊರಗಿನ ಮಂಚದ ಮೇಲೆ ಮಲಗಿ, ಮೂರನೇ ಮನೆಯ ನಲ್ಲಿ ತೊಟ್ಟಿಕ್ಕುವುದನ್ನು ಕೇಳಿಸಿಕೊಂಡು ಅವರ ದಡ್ಡತನಕ್ಕೆ ಮರುಗುತ್ತಿದ್ದ. ಸೋರಿಕೆ ಎಂಬ ಪದ ಕಿವಿಗೆ ಬಿದ್ದದ್ದೇ ಎದ್ದು ಕೂತ. ಮಾಸ್ಕನ್ನು ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿ ಇಟ್ಟು ನೋಡಿ, ಮುಂಭಾಗದಲ್ಲಿ ಸೂಜಿ ಮೊನೆಯಷ್ಟು ಸಣ್ಣ ತೂತುಗಳ ಎರಡು ಸಾಲು ಪತ್ತೆಹಚ್ಚಿದ.

“ನೋಡಮ್ಮ, ಇಲ್ಲೇ ಇರೋದು. ಒತ್ತಡ ಎಲ್ಲ ಇಲ್ಲಿಂದ ದಂಡವಾಗಿ ಹೋಗ್ತಿದೆ.”

ಪಾರದರ್ಶಕ ಅಂಟನ್ನು ಸೂಜಿಯ ತುದಿಯಲ್ಲಿ ತೆಗೆದು ಒಂದೊಂದೇ ತೂತು ತುಂಬಿದ. ಒಂದೂವರೆ ಸಾಲು ಮುಗಿಯುವಷ್ಟರಲ್ಲಿ ಟ್ಯೂಬು ಬರಿದಾಯಿತು. ಕೆಲಸ ಎಷ್ಟು ನಾಜೂಕಾಗಿತ್ತೆಂದರೆ ಅಂಟು ಇರುವುದೇ ಕಾಣುತ್ತಿರಲಿಲ್ಲ. ಅಂದು ರಾತ್ರಿ ಸುಯ್ ಎನ್ನುವ ಸದ್ದು ಇರಲಿಲ್ಲ, ಬೆಳಗ್ಗೆ ಪರದೆಯ ಮೇಲೆ ಹಸಿರು ಮುಖ ನಗುತ್ತಿತ್ತು, ಅಂಕಿ ಎಂದಿನಂತೆ ಎರಡು. ಬ್ರೆಡ್ಡಕ್ಕನಿಗೆ ಹೊಟ್ಟೆಗೆ ಹಾಲು ಹುಯ್ದಂತಾಯಿತು. ಮಾವನಿಗೆ ಎರಡು ಮೊಟ್ಟೆ ಹೆಚ್ಚಿಗೆ ಬೇಯಿಸಿ ಕೊಟ್ಟಳು. ಮುದುಕ ಆ ದಿನ ಮಂಡಿ ನೋವಿನ ಸುದ್ದಿಯನ್ನೇ ಎತ್ತಲಿಲ್ಲ.

ತೊಂದರೆ ಶುರುವಾದದ್ದು ಅಲ್ಲಿಂದಾಚೆ. ಡ್ರೈವರು ಬೆಳಗ್ಗೆ ತಲೆ ಹಿಡಿದುಕೊಂಡು ಏಳತೊಡಗಿದ. ಬೆವರು, ಬಾಯಾರಿಕೆ, ಮಾತೆತ್ತಿದರೆ ಸಿಡುಕು. ಕೆಲಸದಿಂದ ಬಂದವನು ಬೂಟು ಬಿಚ್ಚುತ್ತಲೇ ಗೊರಕೆ ಹೊಡೆಯುತ್ತಿದ್ದ. ಮೊದಲ ಶನಿವಾರ ಬ್ರೆಡ್ಡಕ್ಕ, ಏನೋ ಆಯಾಸವಿರಬೇಕು ಎಂದುಕೊಂಡು ‘ಇಲ್ಲ’ ಎಂದೇ ಸಹಿ ಹಾಕಿದಳು. ಚಹಾ ಚೆಲ್ಲಿದ್ದು ಎರಡನೆಯ ವಾರ. ಆ ಶನಿವಾರ ಪೆನ್ನು ಹಿಡಿದು ಬಹಳ ಹೊತ್ತು ಕೂತಳು. ಡ್ರೈವರು ಪರದೆ ತೋರಿಸಿದ. ಅಂಕಿ ಎರಡೇ ಇದೆ, ಐದರೊಳಗೆ ಇದ್ದರೆ ಸರಿ ಎಂದು ಡಾಕ್ಟರೇ ಹೇಳಿದ್ದಾರೆ, ಮಿಷನ್ನಿಗಿಂತ ನಿನಗೆ ಹೆಚ್ಚು ಗೊತ್ತೋ ಎಂದು ಕೇಳಿದ. ಅವಳು ‘ಇಲ್ಲ’ ಎಂದು ಗುರುತು ಹಾಕಿದಳು. ಸಹಿ ಹಾಕಿದಳು.

ಇನ್ನು ಸುಮ್ಮನೆ ಕೂರುವುದಲ್ಲ ಎಂದು ಮನೆಮಂದಿಯೆಲ್ಲ ಆ ಮಿಷನ್ನಿನ ಬೆನ್ನು ಹತ್ತಿದರು. ಮಗಳು ಹಿಂಬದಿಯ ಮುಚ್ಚಳ ತೆಗೆದು ಫಿಲ್ಟರು ಹೊರಗೆಳೆದಳು. ಬೆಳ್ಳಗಿರಬೇಕಾದದ್ದು ಬೂದಿ ಬಣ್ಣಕ್ಕೆ ತಿರುಗಿತ್ತು. ಅದನ್ನು ಬದಲಿಸಿದರು. ನೀರಿನ ಡಬ್ಬಿಯನ್ನು ವಿನೆಗರ್ ಹಾಕಿ ಉಜ್ಜಿದರು. ಮಾಸ್ಕಿನ ಪಟ್ಟಿ ಸಡಿಲವಾಗಿದೆಯೆಂದು ಬಿಗಿದರು, ಮುಖದ ಮೇಲೆ ಗೆರೆ ಬಿತ್ತೆಂದು ಮತ್ತೆ ಸಡಿಲಿಸಿದರು. ದಿಂಬು ಎತ್ತರವೆಂದರು, ತಗ್ಗೆಂದರು. ರಾತ್ರಿಯೂಟದಲ್ಲಿ ಅನ್ನ ಕಡಿಮೆಯಾಯಿತು, ಏಕೆಂದರೆ ಅಪ್ಪನ ಹೊಟ್ಟೆ ಬಂದಿದೆ ಎಂದು ಮಗಳು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಳು. ಹಸಿದ ಡ್ರೈವರು ಇನ್ನಷ್ಟು ರೇಗಿದ. ವಾಷರ್ ತಾತ ಪೈಪಿನ ಒಂದು ತುದಿಗೆ ಬಿರಡೆ ಜಡಿದು, ಇನ್ನೊಂದು ತುದಿಯಿಂದ ಊದಿ, ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ಎಂದು ನೋಡಿದ. ಒಂದು ಗುಳ್ಳೆಯೂ ಬರಲಿಲ್ಲ.

“ಎಲ್ಲೂ ಸೋರ್ತಾ ಇಲ್ಲ. ಇದರಲ್ಲಿ ದೋಷ ಇಲ್ಲ, ಇವನ ಮೈಗೆ ಸೋಮಾರಿತನ,” ಎಂದು ಮುದುಕ ತೀರ್ಪು ಕೊಟ್ಟ.

ಎಲ್ಲವನ್ನೂ ಅನುಮಾನಿಸಿದರು, ಆ ಅಂಟನ್ನು ಬಿಟ್ಟು. ಅದು ಅವರ ಲೆಕ್ಕದಲ್ಲಿ ಸರಿಹೋದ ಒಂದೇ ಒಂದು ಭಾಗ. ಸದ್ದು ನಿಂತದ್ದನ್ನು ಕಂಡು ಮಿಷನ್ನಿನ ಆರೋಗ್ಯವೇ ಸುಧಾರಿಸಿತು ಎಂದು ಮನೆಯವರೆಲ್ಲ ನಂಬಿದ್ದರು.

ಮೂರನೆಯ ವಾರದ ಶುಕ್ರವಾರ ರಾತ್ರಿಯೂಟಕ್ಕೆ ಕೂತಾಗ ಮಗಳು ತಟ್ಟೆ ದೂಡಿದಳು. ಅವಳ ಜೊತೆ ಓದುವ ಹುಡುಗಿಯೊಬ್ಬಳು ಇವಳ ಅಪ್ಪನ ಬಸ್ಸಿನಲ್ಲೇ ಬರುತ್ತಾಳೆ. ಅವಳು ಎಲ್ಲರೆದುರು ಹೇಳಿದ್ದಳಂತೆ: ಸಿಗ್ನಲ್ಲು ಹಸಿರಾಗಿ, ಹಿಂದಿನ ಗಾಡಿಗಳು ಹಾರ್ನು ಹೊಡೆದು, ಕಂಡಕ್ಟರು ಬಂದು ಹೆಗಲು ಅಲುಗಿಸುವವರೆಗೂ ಬಸ್ಸು ಕದಲಲಿಲ್ಲ.

“ಅಪ್ಪ, ನೀವು ಸ್ಟಿಯರಿಂಗ್ ಮೇಲೆ ಮಲಗಿದ್ರಾ?”

“ಗೇರು ಸಿಕ್ಕಿಹಾಕಿಕೊಂಡಿತ್ತು.”

“ಸುಳ್ಳು.”

ಡ್ರೈವರು ಎದ್ದು ನಿಂತ. ತಾತ ಒಳಗೆ ಬಂದು, ಬೆಳೆದ ಹುಡುಗಿ ಅಪ್ಪನಿಗೆ ಎದುರು ಮಾತಾಡುವುದನ್ನು ಯಾವ ಶಾಲೆಯಲ್ಲಿ ಕಲಿಸುತ್ತಾರೆ ಎಂದು ಕೇಳಿದ. ಬ್ರೆಡ್ಡಕ್ಕ ಇಬ್ಬರನ್ನೂ ಸುಮ್ಮನಾಗಿಸಿ, ನಾಳೆಯ ಹಾಳೆಗೆ ತಾನು ಸಹಿ ಹಾಕುವುದಿಲ್ಲ ಎಂದಳು. ದನಿ ಏರಿಸದೆಯೇ ಹೇಳಿದಳು.

ಆಮೇಲೆ ನಡೆದ ಜಗಳವನ್ನು ಎದುರು ಮನೆಯವರು ಕಿಟಕಿ ತೆರೆದಿಟ್ಟು ಕೇಳಿದರು. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಒಂದು ಗೀರು ಬಿದ್ದಿಲ್ಲ, ಕಟ್ಟಿಕೊಂಡ ಹೆಂಡತಿಯೇ ನನ್ನನ್ನು ಶೆಡ್ಡಿಗೆ ನೂಕುತ್ತಾಳೆ ಎಂದ ಅವನು. ಶೆಡ್ಡಿನಲ್ಲಿ ಕೂತ ಗಂಡ ನನಗೆ ಬೇಕು, ಜೈಲಿನಲ್ಲಿ ಕೂತ ಗಂಡ ಬೇಡ ಎಂದಳು ಅವಳು. ಅಂಕಿ ಎರಡಿದೆ ಎಂದು ಅವನು ಪರದೆಯನ್ನು ಅವಳ ಮುಖಕ್ಕೆ ಹಿಡಿದ. ಆಗ ವಾಷರ್ ತಾತ ಕೈ ಚಾಚಿದ.

“ಹಾಳೆ ಕೊಡು ಇಲ್ಲಿ. ಮನೆಯವರು ಅಂದ್ರೆ ನಾನೂ ಮನೆಯವನೇ.”

“ಮಾವ, ಸಹಿ ಹಾಕಬೇಡಿ.”

“ನಾನೇ ಬಕೆಟ್ಟಲ್ಲಿ ಮುಳುಗಿಸಿ ನೋಡಿದೀನಿ. ನನ್ನ ಕೈಯಲ್ಲಿ ಪರೀಕ್ಷೆ ಆದ ಮೇಲೆ ಇನ್ನೇನು?”

“ಪೈಪು ನೋಡಿದ್ರಿ ಮಾವ. ಮಗನನ್ನ ನೋಡಿದ್ರಾ?”

ಮುದುಕ ‘ಇಲ್ಲ’ ಎಂಬಲ್ಲಿ ಗುರುತು ಹಾಕಿ, ದೊಡ್ಡ ದೊಡ್ಡ ಅಕ್ಷರಗಳಲ್ಲಿ ತನ್ನ ಸಹಿ ಇಳಿಸಿದ. ಡ್ರೈವರು ಹಾಳೆಯನ್ನು ಮಡಚಿ ಜೇಬಿಗಿಟ್ಟ. ಬ್ರೆಡ್ಡಕ್ಕನಿಗೆ ಈ ಮನೆಗೆ ಬಂದ ಹದಿನೆಂಟು ವರ್ಷದಲ್ಲಿ ಇಷ್ಟು ಒಂಟಿ ಎಂದು ಎಂದೂ ಅನ್ನಿಸಿರಲಿಲ್ಲ.

ಬೆಳಗ್ಗೆ ಗಂಡ ಡಿಪೋಗೆ ಹೋದ ಮೇಲೆ ಅವಳು ಕಾರ್ಖಾನೆಗೆ ರಜೆ ಹೇಳಿ, ಮಿಷನ್ನನ್ನು ಅದರ ಚೀಲದಲ್ಲಿ ತುಂಬಿಕೊಂಡು, ಅದನ್ನು ಮಾರಿದ ಅಂಗಡಿಗೆ ಹೋದಳು. ಅಲ್ಲಿದ್ದ ತಂತ್ರಜ್ಞೆ ಕನ್ನಡಕದ ಹೆಂಗಸು, ಅವಸರವಿಲ್ಲದವಳು. ಮಿಷನ್ನು ಹಚ್ಚಿದಳು, ಒತ್ತಡ ಅಳೆದಳು, ಸರಿಯಿದೆ ಎಂದಳು. ಮಾಸ್ಕನ್ನು ತನ್ನ ಮುಖಕ್ಕೆ ಹಿಡಿದು, ಇನ್ನೊಂದು ಅಂಗೈಯನ್ನು ಅದರ ಮುಂದೆ ಒಡ್ಡಿದಳು. ಕೈಯನ್ನು ಅತ್ತಿತ್ತ ಆಡಿಸಿದಳು. ಮಾಸ್ಕನ್ನು ದೀಪದ ಕೆಳಗೆ ತಿರುಗಿಸಿ ಉಗುರಿನಿಂದ ಕೆರೆದಳು.

“ಇದನ್ನ ಮುಚ್ಚಿದ್ದು ಯಾರು?”

“ನಾವೇ,” ಎಂದಳು ಬ್ರೆಡ್ಡಕ್ಕ.

“ಬಿಟ್ಟ ಉಸಿರು ಹೊರಗೆ ಹೋಗಲಿ ಅಂತಾನೇ ಇಟ್ಟಿರೋ ತೂತು ಇವು. ಇದನ್ನ ಮುಚ್ಚಿದ್ರೆ ಅವರು ಬಿಟ್ಟಿದ್ದನ್ನೇ ಮತ್ತೆ ಎಳ್ಕೋತಾರೆ. ರಾತ್ರಿಯೆಲ್ಲ.”

“ಅಂಕಿ ಸರಿಯಾಗೇ ಇತ್ತಲ್ಲ?”

“ಗಂಟಲು ಮುಚ್ಚಿತಾ ಇಲ್ವಾ ಅಂತ ಅದು ಎಣಿಸತ್ತೆ, ಅಷ್ಟೇ. ಒಳಗೆ ಹೋಗೋ ಗಾಳಿ ತಾಜಾನೋ ಹಳಸಿದ್ದೋ ಅದಕ್ಕೆ ಗೊತ್ತಾಗಲ್ಲ.” ಆಮೇಲೆ ಅವಳು, ರೋಗಿ ಈಗ ಎಲ್ಲಿದ್ದಾರೆ, ಏನು ಕೆಲಸ ಮಾಡುತ್ತಾರೆ ಎಂದು ಕೇಳಿದಳು. ಉತ್ತರ ಕೇಳಿ ಕನ್ನಡಕ ತೆಗೆದಳು.

ಬ್ರೆಡ್ಡಕ್ಕನಿಗೆ ನೆನಪಾಯಿತು: ಸದ್ದು ನಿಲ್ಲಿಸಿ ಎಂದವಳು ತಾನೇ. ಹೊಸ ಮಾಸ್ಕು ಕೊಂಡು, ಹಳೆಯದನ್ನು ಕೈಯಲ್ಲೇ ಹಿಡಿದು ರಸ್ತೆಗೆ ಬಂದಳು. ಫೋನು ಮಾಡುವ ಹಾಗಿಲ್ಲ. ಡ್ಯೂಟಿ ಹತ್ತುವ ಮುಂಚೆ ಡ್ರೈವರುಗಳ ಫೋನುಗಳನ್ನು ಡಿಪೋದಲ್ಲಿ ಬೀಗ ಹಾಕಿಡುತ್ತಾರೆ. ಅವನ ಬಸ್ಸು ಹಾಯುವ ಸ್ಟಾಪಿಗೆ ಓಡಿದಳು. ಅದೇ ನಂಬರಿನ ಎರಡು ಬಸ್ಸು ಬಂದವು, ಎರಡರಲ್ಲೂ ಬೇರೆ ಡ್ರೈವರು. ಮೂರನೆಯದು ಬರುವವರೆಗೆ ಇಪ್ಪತ್ತೈದು ನಿಮಿಷ ನಿಂತೇ ಇದ್ದಳು. ದೂರದಲ್ಲಿ ಆಂಬುಲೆನ್ಸಿನ ಸದ್ದು ಕೇಳಿದಾಗ ಪಕ್ಕದಲ್ಲಿ ನಿಂತಿದ್ದ ಅಪರಿಚಿತಳ ತೋಳು ಹಿಡಿದುಕೊಂಡಳು, ಆಮೇಲೆ ನಾಚಿಕೊಂಡು ಬಿಟ್ಟಳು.

ಬಸ್ಸು ಬಂತು. ಡ್ರೈವರ ಕಣ್ಣು ಕೆಂಪಗಿದ್ದವು, ರೆಪ್ಪೆ ಭಾರವಾಗಿತ್ತು. ಹೆಂಡತಿಯನ್ನು ಕಂಡು ಹುಬ್ಬೇರಿಸಿದ. ಅಷ್ಟು ಜನರೆದುರು ಇಳಿಯಿರಿ ಎಂದರೆ ಅವನು ಇಳಿಯುವವನಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತು. ಕೊನೆಯ ಸ್ಟಾಪಿಗೆ ಇನ್ನೂ ಅರ್ಧ ಗಂಟೆ. ಆ ಅರ್ಧ ಗಂಟೆ ಅವನ ಕಣ್ಣು ಮುಚ್ಚಬಾರದು. ಡ್ರೈವರ ಜೊತೆ ಮಾತನಾಡಬಾರದು ಎಂಬ ಬೋರ್ಡಿನ ಕೆಳಗೇ ಕಂಬಿ ಹಿಡಿದು ನಿಂತು ಅವಳು ಜಗಳ ತೆಗೆದಳು.

ಮದುವೆಯಲ್ಲಿ ತನ್ನ ಅಣ್ಣನಿಗೆ ಕುರ್ಚಿ ಕೊಡದ್ದರಿಂದ ಶುರುಮಾಡಿದಳು. ಮಗಳು ಹುಟ್ಟಿದ ದಿನ ಡಬಲ್ ಡ್ಯೂಟಿಗೆ ಹೋದದ್ದು, ಒಂದು ವರ್ಷದಿಂದ ಕಿತ್ತುಹೋಗಿ ಹಾಗೇ ಇರುವ ಬಚ್ಚಲ ಬಾಗಿಲಿನ ಚಿಲಕ, ತಂಗಿಯ ಮನೆಗೆ ಬಂದು ಅರ್ಧ ಗಂಟೆಗೇ ಗಡಿಯಾರ ನೋಡಿದ್ದು, ಒಂದನ್ನೂ ಬಿಡಲಿಲ್ಲ. ಡ್ರೈವರ ಕಿವಿ ಕೆಂಪಾಯಿತು. ಆ ಚಿಲಕ ನಾನು ಎರಡು ಸಲ ಹಾಕಿದ್ದೇನೆ, ಕಿತ್ತವಳು ನೀನು ಎಂದು ಅವನೂ ತಿರುಗಿಸಿಕೊಟ್ಟ. ಮುಂದಿನ ಸೀಟಿನ ಮುದುಕಿಯೊಬ್ಬಳು ಬ್ರೆಡ್ಡಕ್ಕನ ಪಕ್ಷ ವಹಿಸಿದಳು. ಕಂಡಕ್ಟರು ಮೊದಲು ನಕ್ಕ, ಆಮೇಲೆ ಅವಳ ನೋಟ ಡ್ರೈವರ ಕಣ್ಣು ಬಿಟ್ಟು ಕದಲದ್ದನ್ನು ನೋಡಿ ನಗು ನಿಲ್ಲಿಸಿದ. ಬಸ್ಸು ಒಂದೂ ಸಿಗ್ನಲ್ಲು ತಪ್ಪದೆ ಕೊನೆಯ ಸ್ಟಾಪು ಮುಟ್ಟಿತು.

ಜನ ಇಳಿದ ಮೇಲೆ ಅವಳು ಹಳೆಯ ಮಾಸ್ಕನ್ನು ಅವನ ಕೈಗಿಟ್ಟು ಎಲ್ಲವನ್ನೂ ಹೇಳಿದಳು. ಅವನು ತೂತುಗಳ ಮೇಲೆ ಹೆಬ್ಬೆರಳು ಆಡಿಸಿದ.

“ಅಂದ್ರೆ ನನಗೇನೂ ಆಗಿಲ್ಲ. ಹೊಸದು ಹಾಕ್ಕೊಂಡ್ರೆ ಸರಿಹೋಗತ್ತೆ.”

“ಸರಿಹೋಗತ್ತೆ. ಇವತ್ತಿಗೆ ಇಳೀರಿ.”

ಅವನು ಕಂಟ್ರೋಲರ ಬೂತಿಗೆ ಹೋಗಿ ಹೊಟ್ಟೆ ಕೆಟ್ಟಿದೆ ಎಂದು ಹೇಳಿ ಬಂದ. ಬೇರೆ ಡ್ರೈವರು ಹತ್ತಿದ. ಹೊಟ್ಟೆ ಎಂಬ ಮಾತು ಅವಳಿಗೆ ಕೇಳಿಸಿತು, ಆದರೆ ಅವನು ಇಳಿದದ್ದೇ ಸಾಕೆಂದು ಸುಮ್ಮನಾದಳು. ದಾರಿಯಲ್ಲಿ ಡಾಕ್ಟರಿಗೆ ತೋರಿಸಿದರು. ಒಂದು ವಾರ ವಿಶ್ರಾಂತಿ ಎಂದರು.

ಸಂಜೆ ಅನ್ನ ಬೇಳೆ ಬಡಿಸಿ ಬ್ರೆಡ್ಡಕ್ಕ ಮಾವನ ಮುಂದೆ ಮಾಸ್ಕು ಇಟ್ಟು, ಆದಷ್ಟು ಮೆತ್ತಗೆ ವಿಷಯ ತಿಳಿಸಿದಳು. ವಾಷರ್ ತಾತ ಭೂತಗನ್ನಡಿ ತರಿಸಿ ನೋಡಿದ. ಅದನ್ನು ಕೆಳಗಿಟ್ಟ ಮೇಲೂ ತಟ್ಟೆಗೆ ಕೈಹಾಕಲಿಲ್ಲ. ಮಗನ ಮುಖ ನೋಡಲು ಅವನಿಂದಾಗಲಿಲ್ಲ. ಡ್ರೈವರೇ ಸಮಾಧಾನ ಹೇಳಿದ: ಬಿಡಿ ಅಪ್ಪ, ಏನೂ ಅನಾಹುತ ಆಗಿಲ್ಲ, ಹೊಸ ಮಾಸ್ಕು ಬಂತು, ಡಿಪೋದಲ್ಲಿ ಯಾರಿಗೂ ಗೊತ್ತಿಲ್ಲ, ಮುಂದಿನ ಶನಿವಾರದ ಹೊತ್ತಿಗೆ ಎಲ್ಲ ಮೊದಲಿನಂತೆ.

“ಊಟ ಮಾಡಿ ಮಾವ,” ಎಂದಳು ಬ್ರೆಡ್ಡಕ್ಕ. “ಸದ್ದು ನಿಲ್ಲಿಸಿ ಅಂದಿದ್ದು ನಾನು. ತಪ್ಪು ನಂದೂ ಇದೆ.”

“ಸದ್ದು ನಿಲ್ಲಿಸಿ ಅಂದವಳು ನೀನೇ, ನಿಜ. ಸಹಿ ಹಾಕಬೇಡಿ ಅಂದವಳೂ ನೀನೇ.”

ಮುದುಕ ಮೊಮ್ಮಗಳಿಗೆ ಕಾಗದ ತರಲು ಹೇಳಿದ. ಡಿಪೋಗೆ ಬರೆಯಬೇಕು, ಮೂರನೆಯ ಹಾಳೆಯ ಸಹಿ ನೋಡದೆ ಹಾಕಿದ್ದು, ಅದು ಸುಳ್ಳು ಎಂದು. ಡ್ರೈವರು ತಟ್ಟೆಯಿಂದ ಎದ್ದ. ಬರೆದರೆ ಮೂರು ತಿಂಗಳು ಶೆಡ್ಡು ಖಂಡಿತ, ಸುಳ್ಳು ಹಾಳೆ ಕೊಟ್ಟೆನೆಂದು ಇನ್ನೂ ಮೂರು ಸೇರಬಹುದು, ಮುಗಿದುಹೋದದ್ದನ್ನು ಕೆದಕಿ ಯಾರಿಗೆ ಏನು ಲಾಭ ಎಂದು ಕೇಳಿದ. ತಾತ ಹೇಳುತ್ತ ಹೋದ, ಮೊಮ್ಮಗಳು ಬರೆಯುತ್ತ ಹೋದಳು. ಮುದುಕ ಸಹಿ ಹಾಕಿದ ಮೇಲೆ ಬ್ರೆಡ್ಡಕ್ಕ ಕೈ ತೊಳೆದು ಬಂದು, ಮೊದಲಿನ ಎರಡು ಹಾಳೆಗಳು ತನ್ನವು, ಅವೂ ಸುಳ್ಳೇ ಎಂದು ಕೆಳಗೆ ಬರೆದು ತಾನೂ ಸಹಿ ಮಾಡಿದಳು. ಗಂಡ ತನ್ನನ್ನು ಕ್ಷಮಿಸದೇ ಹೋಗಬಹುದು ಎಂಬ ಹೆದರಿಕೆ ಅವಳಿಗಿತ್ತು. ಆದರೂ ಬರೆದಳು.

ಡ್ರೈವರು ಬಾಗಿಲ ಬಳಿ ಬೆನ್ನು ಹಾಕಿ ನಿಂತಿದ್ದ. ಮಗಳು ಬರೆದದ್ದನ್ನು ಗಟ್ಟಿಯಾಗಿ ಓದಿದಳು. ಮಾಸ್ಕಿನ ವಿಷಯ, ಅಂಟಿನ ವಿಷಯ, ಹಾಳೆಗಳ ವಿಷಯ. ಕೊನೆಗೆ, “ಈ ಅವಧಿಯಲ್ಲಿ ಅವರು ಬಸ್ಸಿನಲ್ಲಿ ಒಂದು ಸಲ, ಸಿಗ್ನಲ್ಲಿನಲ್ಲಿ ನಿಂತಾಗ, ನಿದ್ದೆ ಹೋಗಿದ್ದರು,” ಎಂದು ಓದಿದಳು.

“ಒಂದಲ್ಲ,” ಎಂದ ಡ್ರೈವರು. ಅವನು ತಿರುಗಲಿಲ್ಲ. “ನಾಲ್ಕು. ಮೂರು ಸಲ ಗಾಡಿ ಓಡ್ತಾ ಇತ್ತು.”

ಮಗಳು ಒಂದು ಎಂಬುದನ್ನು ಹೊಡೆದು ಹಾಕಿ ನಾಲ್ಕು, ಅದರಲ್ಲಿ ಮೂರು ಓಡುವ ಬಸ್ಸಿನಲ್ಲಿ ಎಂದು ಬರೆದು, ಪೆನ್ನನ್ನು ಅಪ್ಪನ ಕಡೆ ಚಾಚಿದಳು.